ರಿಪೋರ್ಟು ಬಂದ ರಾತ್ರಿ

 

ಈ ಸಲ ಚಿಂತನೆ ಬರೆಯುವ ಸರದಿ ನನ್ನದು. ದಾನದ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ, ಅರ್ಧ ಬರೆದೂ ಇಟ್ಟಿದ್ದೆ. ಅದನ್ನು ಪಕ್ಕಕ್ಕಿಟ್ಟು ಬೇರೆಯದನ್ನು ಬರೆಯುತ್ತಿದ್ದೇನೆ. ಕಳೆದ ತಿಂಗಳು ನಮ್ಮ ಬಳಗದ ಇಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಫೋನು ಮಾಡಿ ಹೆಚ್ಚುಕಡಿಮೆ ಒಂದೇ ಮಾತು ಕೇಳಿದರು. "ಮೇಡಂ, ಸ್ಕ್ಯಾನಿಂಗಲ್ಲಿ ಏನೋ ಬಂದಿದೆ. ಡಾಕ್ಟರು ಮುಂದಿನ ವಾರ ಸಿಗ್ತಾರೆ. ಅಲ್ಲೀವರೆಗೆ ಏನ್ ಮಾಡ್ಲಿ?"

ಧ್ಯಾನ ಮಾಡಿ ಎಂದು ಹೇಳಿ ಫೋನು ಇಡಬಹುದಿತ್ತು. ಇಡಲಾಗಲಿಲ್ಲ. ಆರು ತಿಂಗಳ ಹಿಂದೆ ನನಗೂ ಅದೇ ಆಗಿತ್ತು, ಆಗ ನಾನು ಧ್ಯಾನ ಮಾಡಲಿಲ್ಲ. ಸುಳ್ಳು ಹೇಳಿದೆ.

ಮೂರು ವಾರ ಕಳೆದರೂ ಬಿಡದ ಕೆಮ್ಮು. ಎಕ್ಸ್‌ರೇಯಲ್ಲಿ ಏನೋ ಮಸುಕು ಕಂಡಿತೆಂದು ಡಾಕ್ಟರು ಸಿಟಿ ಸ್ಕ್ಯಾನ್ ಬರೆದುಕೊಟ್ಟರು. ಮೆಷಿನ್ನಿನೊಳಗೆ ಮಲಗಿಸಿದ ಮೇಲೆ ರೆಕಾರ್ಡಾದ ದನಿಯೊಂದು "ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ, ಬಿಡಿ" ಎಂದಿತು. ಹತ್ತು ವರ್ಷದಿಂದ ಆನಾಪಾನ ಮಾಡುತ್ತಿರುವವಳಿಗೆ ಮೆಷಿನ್ನು ಉಸಿರಿನ ಪಾಠ ಹೇಳಿಕೊಡುತ್ತಿದೆಯಲ್ಲ ಎಂದು ನಗು ಬಂತು. ಅದು ಶುಕ್ರವಾರ ಮಧ್ಯಾಹ್ನ. ರಾತ್ರಿ 9.40ಕ್ಕೆ ಮೊಬೈಲಿಗೆ ರಿಪೋರ್ಟಿನ ಲಿಂಕ್ ಬಂತು. ಎರಡು ಪುಟದಲ್ಲಿ ನನಗೆ ಕಂಡದ್ದು ಒಂದೇ ಸಾಲು: ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 7 ಮಿ.ಮೀ. ನಾಡ್ಯೂಲ್, ಫಾಲೋ-ಅಪ್ ಅಗತ್ಯ. ನಾಡ್ಯೂಲ್ ಎಂದರೆ ಸಣ್ಣ ಗಂಟು. ಒಂದು ತೊಗರಿಕಾಳಿನಷ್ಟು ಎಂದುಕೊಳ್ಳಿ.

ಡಾಕ್ಟರು ಸಿಗುವುದು ಸೋಮವಾರ. ಗೂಗಲ್ ಆಗಲೇ ಸಿಕ್ಕಿತು. ಹತ್ತು ಗಂಟೆಗೆ ಹುಡುಕಲು ಕೂತವಳು ಹನ್ನೊಂದರ ಹೊತ್ತಿಗೆ ನಾಲ್ಕನೇ ಹಂತದ ಕ್ಯಾನ್ಸರ್ ಮುಟ್ಟಿದ್ದೆ. ಹಾಲಿನಿಂದ ನಮ್ಮೆಜಮಾನರು ಕೂಗಿದರು, "ರಿಪೋರ್ಟು ಬಂತೇನೇ?"

"ಇಲ್ಲ ರೀ, ಸೋಮವಾರ ಕೊಡ್ತಾರಂತೆ."

ಅಂದು ಬೆಳಿಗ್ಗೆಯಷ್ಟೇ ಪಂಚಶೀಲ ಹೇಳಿದ್ದೆ. ನಾಲ್ಕನೆಯದು ಸಂಜೆಯವರೆಗೂ ಉಳಿದಿತ್ತು, ರಾತ್ರಿ ಹೋಯಿತು.

ನನ್ನ ಬಳಿ ಕಾರಣಗಳಿದ್ದವು. ಅವರಿಗೆ ಸ್ಟೆಂಟ್ ಹಾಕಿ ಎರಡು ವರ್ಷವಾಗಿದೆ. ಮಗಳು ಪುಣೆಯಲ್ಲಿದ್ದಾಳೆ, ಮಗುವಿಗೆ ಆಗ ಎಂಟು ತಿಂಗಳು. ಗೊತ್ತಾದರೆ ಅವಳು ಕೂಸನ್ನು ಎತ್ತಿಕೊಂಡು ಬಸ್ಸು ಹತ್ತುತ್ತಾಳೆ. ಎರಡು ದಿನ ಇವರೆಲ್ಲ ನೆಮ್ಮದಿಯಾಗಿ ಮಲಗಲಿ, ಭಾರ ನಾನೊಬ್ಬಳೇ ಹೊರುತ್ತೇನೆ ಎಂದುಕೊಂಡೆ. ಅದಕ್ಕೆ ಕರುಣೆ ಎಂಬ ಹೆಸರನ್ನೂ ಕೊಟ್ಟೆ. ಹಾಗೆ ಹೆಸರು ಕೊಟ್ಟ ಮೇಲೆ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ, ಬದಲಿಗೆ ಎರಡು ಭಾರವಾಯಿತು. ಗಂಟಿನದೊಂದು, ಮುಖದಲ್ಲಿ ಏನೂ ತೋರಿಸಿಕೊಳ್ಳಬಾರದೆಂಬುದು ಇನ್ನೊಂದು.

ಶನಿವಾರ ಬೆಳಗಿನ ಜಾವ ಎದ್ದು ಕೂತಾಗ ಒಂದು ಯೋಚನೆ ಬಂತು. ಈ ಗಂಟು ಗುರುವಾರವೂ ನನ್ನೊಳಗೆ ಇತ್ತು. ಅಂದು ಅದನ್ನು ಎದೆಯಲ್ಲಿಟ್ಟುಕೊಂಡೇ ಬೀನ್ಸಿಗೆ ಚೌಕಾಸಿ ಮಾಡಿದೆ, ಸಂಜೆ ನೆಂಟರ ಮನೆಯ ನಾಮಕರಣದಲ್ಲಿ ಎರಡು ಹೋಳಿಗೆ ತಿಂದೆ. ಗಂಟು ಅದೇ, ಶ್ವಾಸಕೋಶ ಅದೇ. ಗುರುವಾರಕ್ಕೂ ಶನಿವಾರಕ್ಕೂ ನಡುವೆ ದೇಹದಲ್ಲಿ ಏನೂ ಬದಲಾಗಿಲ್ಲ. ಬದಲಾದದ್ದು ಒಂದು ಸಾಲಿನ ಅರಿವು ಮಾತ್ರ.

ಇಲ್ಲಿಗೇ ನಿಲ್ಲಿಸಿ "ಎಲ್ಲ ಮನಸ್ಸಿನ ಆಟ" ಎಂದು ಮುಗಿಸಿದರೆ ಚೆಂದದ ಫಾರ್ವರ್ಡ್ ಆಗುತ್ತದೆ. ಆದರೆ ಅದು ಪೂರ್ತಿ ನಿಜವಲ್ಲ. ಆ ಒಂದು ಸಾಲು ಸುಮ್ಮನೆ ಬಂದದ್ದಲ್ಲ, ಅದರಿಂದ ಜೀವ ಉಳಿಯಲೂಬಹುದು. ಅರಿವೇ ಬೇಡವಾಗಿದ್ದರೆ ಸ್ಕ್ಯಾನಿಗೆ ಏಕೆ ಹೋಗಬೇಕಿತ್ತು?

ಎರಡು ಬಾಣಗಳ ಉಪಮೆ ನಮ್ಮ ಬಳಗದಲ್ಲಿ ಎಷ್ಟು ಸಲ ಓಡಾಡಿದೆಯೋ ಲೆಕ್ಕವಿಲ್ಲ. ಸಂಯುತ್ತ ನಿಕಾಯದ ಸಲ್ಲತ್ಥ ಸುತ್ತದಲ್ಲಿ ಭಗವಾನರು ಹೇಳುವುದು ಇಷ್ಟು. ದೇಹಕ್ಕೆ ನೋವಾದಾಗ ಸಾಧನೆಯಿಲ್ಲದವನು ಅತ್ತು ಕರೆದು ಮನಸ್ಸಿಗೂ ನೋವು ಮಾಡಿಕೊಳ್ಳುತ್ತಾನೆ, ಬಾಣ ತಗಲಿದವನಿಗೆ ಎರಡನೆಯ ಬಾಣವೂ ತಗಲಿದ ಹಾಗೆ, ಸಾಧನೆಯುಳ್ಳವನಿಗೆ ಮೊದಲನೆಯದೊಂದೇ. ಆ ಶನಿವಾರ ಇದನ್ನು ನನಗೆ ನಾನೇ ಹೇಳಿಕೊಂಡು ನೋಡಿದೆ, ಹೊಂದಲಿಲ್ಲ. ಏಕೆಂದರೆ ನನಗೆ ಮೊದಲ ಬಾಣವೇ ತಗಲಿರಲಿಲ್ಲ. 7 ಮಿ.ಮೀ. ಗಂಟು ನೋಯುವುದಿಲ್ಲ. ಕೆಮ್ಮು ಕೂಡ ಅಷ್ಟು ಹೊತ್ತಿಗೆ ಕಡಿಮೆಯಾಗಿತ್ತು. ಸ್ಕ್ಯಾನ್ ರಿಪೋರ್ಟು ಎಂದರೆ ದೂರದಲ್ಲಿ ಬಿಲ್ಲಿನ ಹೆದೆ ಮಿಡಿದ ಸದ್ದು ಕೇಳಿದ ಹಾಗೆ. ಬಾಣ ನನ್ನ ಕಡೆಗೇ ಬರುತ್ತಿದೆಯೋ, ಬೇರೆಲ್ಲೋ ಹೋಯಿತೋ, ಬಾಣವೇ ಇಲ್ಲವೋ ಗೊತ್ತಿಲ್ಲ. ಇದು ನೋವಲ್ಲ, ಭಯ. ನೋವಿಗೆ ಹೇಳಿದ ಮದ್ದನ್ನು ಭಯಕ್ಕೆ ಹಚ್ಚುತ್ತಿದ್ದೆ.

ಭಯದ ಬಗ್ಗೆ ಬೇರೆಯೇ ಸುತ್ತವಿದೆ. ಮಜ್ಝಿಮ ನಿಕಾಯದ ನಾಲ್ಕನೆಯದು, ಭಯಭೇರವ ಸುತ್ತ. ಇನ್ನೂ ಬೋಧಿ ಪಡೆಯದ ದಿನಗಳಲ್ಲಿ ತಾವು ಅಷ್ಟಮಿ, ಚತುರ್ದಶಿ, ಹುಣ್ಣಿಮೆ ಅಮಾವಾಸ್ಯೆಗಳಂಥ ರಾತ್ರಿಗಳನ್ನೇ ಆರಿಸಿಕೊಂಡು ಮೈನವಿರೇಳಿಸುವ ಕಾಡುತೋಪುಗಳಲ್ಲಿ ಉಳಿದದ್ದನ್ನು ಭಗವಾನರು ಅಲ್ಲಿ ಬ್ರಾಹ್ಮಣನೊಬ್ಬನಿಗೆ ಹೇಳುತ್ತಾರೆ. ಜಿಂಕೆಯೊಂದು ಬರುತ್ತದೆ, ನವಿಲು ಒಣಕಡ್ಡಿ ಬೀಳಿಸುತ್ತದೆ, ಗಾಳಿ ತರಗೆಲೆ ಸರಿಸುತ್ತದೆ. ಸದ್ದಾದ ಕೂಡಲೇ, ಇಗೋ ಬಂತು ಭಯ ಎನ್ನಿಸುತ್ತದೆ. ಆಮೇಲೆ ಅವರು ತಮ್ಮನ್ನೇ ಕೇಳಿಕೊಳ್ಳುತ್ತಾರೆ, ನಾನು ಸದಾ ಭಯವನ್ನೇ ಎದುರು ನೋಡುತ್ತ ಏಕೆ ಕೂತಿದ್ದೇನೆ ಎಂದು. ಉತ್ತರವಾಗಿ ಕಾಡು ಬಿಟ್ಟು ಹೋಗುವುದಿಲ್ಲ, ಸದ್ದಿನ ಹಿಂದೆ ಓಡುವುದೂ ಇಲ್ಲ. ನಡೆಯುತ್ತಿರುವಾಗ ಭಯ ಬಂದರೆ ಅದು ಅಡಗುವ ತನಕ ನಡೆಯುತ್ತಲೇ ಇರುತ್ತಾರೆ, ಕೂಡುವುದಿಲ್ಲ. ಕೂತಿದ್ದಾಗ ಬಂದರೆ ಕೂತೇ ಇರುತ್ತಾರೆ, ಏಳುವುದಿಲ್ಲ.

ಈ ಸುತ್ತವನ್ನು ಹಿಂದೆ ಎರಡು ಸಲ ಓದಿದ್ದೆ. ಜಿಂಕೆ, ನವಿಲು, ಗಾಳಿ ಎಂಬುದನ್ನು ಗಮನಿಸಿರಲಿಲ್ಲ. ಅಲ್ಲಿ ಹುಲಿಯ ಹೆಸರಿಲ್ಲ ನೋಡಿ. ಹಾಗೆಂದು ಆ ಕಾಲದ ಕಾಡಿನಲ್ಲಿ ಹುಲಿ ಇರಲಿಲ್ಲವೆಂದಲ್ಲ. ಕತ್ತಲಲ್ಲಿ ಕೇಳಿದ ಸದ್ದು ಯಾವುದರದ್ದೆಂದು ಕೇಳಿದವನಿಗೆ ಆ ಕ್ಷಣ ಗೊತ್ತಾಗುವುದಿಲ್ಲ, ಅಷ್ಟೇ. ನನ್ನ ತೊಗರಿಕಾಳೂ ಅಷ್ಟೇ. ನವಿಲು ಬೀಳಿಸಿದ ಕಡ್ಡಿಯೂ ಇರಬಹುದು, ಹುಲಿಯ ಹೆಜ್ಜೆಯೂ ಇರಬಹುದು. ಗೊತ್ತಾಗಲು ಬೆಳಗಾಗಬೇಕು. ಗೂಗಲಿನಲ್ಲಿ ಹುಡುಕುವುದು ಟಾರ್ಚು ಹಿಡಿದ ಹಾಗೆ ಎಂದುಕೊಂಡಿದ್ದೆ. ಅಲ್ಲ, ಅದು ಪೊದೆಪೊದೆಗೂ ಕಲ್ಲು ಎಸೆದು ಇನ್ನಷ್ಟು ಸದ್ದು ಮಾಡಿಸಿದ ಹಾಗೆ.

ಶನಿವಾರ ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಭಯ ಬಂತು, ಹೊಟ್ಟೆಯ ಕೆಳಗಿನಿಂದ ತಣ್ಣಗೆ ಏರಿತು. ಸರಿ, ಪಾತ್ರೆಯನ್ನೇ ತೊಳೆಯುತ್ತೇನೆ ಎಂದು ನಿಂತೆ. ನಿಮಗೆ ಸುಳ್ಳು ಹೇಳುವುದಿಲ್ಲ, ಅದು ಅಡಗಲಿಲ್ಲ. ಎರಡು ಕುಕ್ಕರು, ಒಂದು ಬಾಣಲೆ ಆದ ಮೇಲೂ ಇತ್ತು. ಆದರೆ ಒಂದು ಅಲೆಯಂತೆ ಬಂದು, ತುದಿ ಮುಟ್ಟಿ, ಸ್ವಲ್ಪ ಇಳಿದದ್ದು ಗೊತ್ತಾಯಿತು. ಮತ್ತೆ ಬಂತು. ಮತ್ತೆ ಇಳಿಯಿತು. ಅಷ್ಟು ಕಂಡದ್ದೇ ಆ ದಿನದ ಸಂಪಾದನೆ.

ಭಾನುವಾರ ಬೆಳಿಗ್ಗೆ ಕಾಫಿ ಕೊಟ್ಟೆ. ಅವರು ಲೋಟ ಹಿಡಿದುಕೊಂಡು ಪೇಪರು ತೆರೆಯಲಿಲ್ಲ.

"ಏಳು ಮಿಲಿಮೀಟರು ಅಂದ್ರೆ ತೀರಾ ಸಣ್ಣದಂತೆ ಕಣೇ," ಎಂದರು.

ನನಗೆ ಕೈಕಾಲು ಆಡಲಿಲ್ಲ. ಆಸ್ಪತ್ರೆಯಲ್ಲಿ ಬಿಲ್ಲು ಕಟ್ಟುವಾಗ ಅವರು ತಮ್ಮ ನಂಬರನ್ನೂ ಕೊಟ್ಟಿದ್ದರಂತೆ. 9.40ಕ್ಕೆ ಲಿಂಕ್ ಅವರಿಗೂ ಬಂದಿತ್ತು. ಹಾಲಿನಿಂದ ಕೂಗಿ ಕೇಳುವ ಹೊತ್ತಿಗೆ ಅವರು ಓದಿ ಆಗಿತ್ತು. "ನೀನೇ ಹೇಳ್ತೀಯ ಅಂತ ಕೇಳ್ದೆ. ನೀನು ಹೇಳ್ಲಿಲ್ಲ. ಹೋಗ್ಲಿ, ನಿನಗೆ ಇನ್ನೂ ಗೊತ್ತಿಲ್ಲದೆ ಇದ್ರೆ ಎರಡು ರಾತ್ರಿ ನೆಮ್ಮದಿಯಾಗಿ ಮಲಗ್ಲಿ ಅಂತ ಸುಮ್ನಾದೆ."

ಅಂದರೆ ಎರಡು ರಾತ್ರಿ ಒಂದೇ ಮಂಚದ ಮೇಲೆ ಇಬ್ಬರೂ ಎಚ್ಚರವಾಗಿದ್ದುಕೊಂಡು, ಇನ್ನೊಬ್ಬರು ಮಲಗಿದ್ದಾರೆಂದು ನಂಬಿ, ಕದಲದೆ ಬಿದ್ದಿದ್ದೆವು. ಕರುಣೆ ಎಂದು ಹೆಸರಿಟ್ಟದ್ದು ಇಬ್ಬರಿಗೂ ಇಷ್ಟು ಮಾಡಿತ್ತು.

ಆಮೇಲೆ ಅವರು ಹೇಳಿದ ಮಾತಿಗೆ ಮೊದಲು ನನಗೆ ಸಿಟ್ಟು ಬಂತು. "ಏನೂ ಆಗಲ್ಲ ಬಿಡು" ಎನ್ನುತ್ತಾರೆಂದು ಕಾಯುತ್ತಿದ್ದೆ. ಅವರೆಂದರು, "ಒಂದು ನೋಟ್‌ಬುಕ್ಕಲ್ಲಿ ಎಲ್ಲ ಬರೆದಿಡು. ಲಾಕರ್ ಕೀ ಎಲ್ಲಿದೆ, ಗ್ಯಾಸ್ ಯಾವ ನಂಬರಿಂದ ಬುಕ್ ಮಾಡ್ತೀಯ, ನನ್ ಮಾತ್ರೆ ಯಾವ್ದು ಯಾವಾಗ. ಸಾರು ಮಾಡೋದು ಮಾತ್ರ ಬರೀಬೇಡ, ಅದು ನಿನಗಿಂತ ನನಗೇ ಚೆನ್ನಾಗಿ ಬರುತ್ತೆ."

ಇದೇನು ಮಾತು, ನಾನು ಈಗಲೇ ಸತ್ತೆನೇ ಎಂದು ಒಳಗೆ ಹೋದೆ. ಅರ್ಧ ಗಂಟೆಯ ಮೇಲೆ ಬೀರುವಿನ ಮುಂದೆ ನಿಂತಿದ್ದಾಗ ನಕುಲಮಾತೆ ನೆನಪಾದಳು.

ಅಂಗುತ್ತರ ನಿಕಾಯದ ಆರನೇ ನಿಪಾತದಲ್ಲಿ ಈ ದಂಪತಿಯ ಪ್ರಸಂಗ ಬರುತ್ತದೆ. ಭಗ್ಗರ ನಾಡಿನಲ್ಲಿ ಗೃಹಸ್ಥ ನಕುಲಪಿತನಿಗೆ ಕಾಯಿಲೆ ಉಲ್ಬಣವಾಗಿ ಸಾವಿನ ಹತ್ತಿರವಾಗಿದ್ದಾನೆ. ಹೆಂಡತಿ ಪಕ್ಕದಲ್ಲಿ ಕೂತು, ಚಿಂತೆ ಇಟ್ಟುಕೊಂಡು ಸಾಯಬೇಡ ಎನ್ನುತ್ತಾಳೆ. ಆಮೇಲೆ ಅವನ ಮನಸ್ಸಿನಲ್ಲಿ ಇರಬಹುದಾದ ಅಳುಕುಗಳನ್ನು ಒಂದೊಂದಾಗಿ ತಾನೇ ಎತ್ತಿಕೊಳ್ಳುತ್ತಾಳೆ. ನಾನು ಹೋದರೆ ಇವಳು ಮಕ್ಕಳನ್ನು ಸಾಕಲಾರಳು ಎಂದುಕೊಂಡೆಯಾ? ನನಗೆ ಹತ್ತಿ ನೂಲುವುದು, ಉಣ್ಣೆ ಹಿಂಜುವುದು ಬರುತ್ತದೆ, ಸಂಸಾರ ನಡೆಸಬಲ್ಲೆ. ಬೇರೆ ಮನೆ ಸೇರುತ್ತೇನೆಂದುಕೊಂಡೆಯಾ? ನಾವು ಹೇಗೆ ಬದುಕಿದ್ದೇವೆಂದು ಇಬ್ಬರಿಗೂ ಗೊತ್ತಿದೆ. ಭಗವಾನರ ದರ್ಶನ ಬಿಡುತ್ತೇನೆಂದುಕೊಂಡೆಯಾ? ಶೀಲ, ಚಿತ್ತಶಾಂತಿ, ಧಮ್ಮದಲ್ಲಿನ ದೃಢತೆ ಎಂದು ಹೀಗೆ ಆರು ಮಾತು. ಕೇಳುತ್ತಿದ್ದಂತೆ ಅವನ ಕಾಯಿಲೆ ಇಳಿಯಿತು, ಕೋಲೂರಿಕೊಂಡು ಭಗವಾನರ ಬಳಿಗೆ ಹೋದ, ಇಂಥ ಹೆಂಡತಿ ಸಿಕ್ಕಿದ್ದು ನಿನ್ನ ಭಾಗ್ಯ ಎಂದು ಅವರು ಹೇಳಿದರು ಎಂದಿದೆ. ಕಾಯಿಲೆ ಇಳಿದದ್ದನ್ನು ನಾನು ಹೆಚ್ಚು ಹಿಡಿದುಕೊಳ್ಳುವುದಿಲ್ಲ. ಒಳ್ಳೆಯ ಮಾತಿನಿಂದ ಗಂಟು ಕರಗುತ್ತದೆಂದು ಯಾರೂ ತಿಳಿಯಬಾರದು. ನನಗೆ ಮುಖ್ಯವಾಗಿ ಕಂಡದ್ದು ಅವಳು ಹೇಳದೆ ಬಿಟ್ಟ ಮಾತು. "ನಿನಗೇನೂ ಆಗುವುದಿಲ್ಲ" ಎಂದು ಅವಳು ಒಮ್ಮೆಯೂ ಹೇಳುವುದಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದನ್ನು ಮಾತ್ರ ಹೇಳಿದಳು, ನೂಲುವುದನ್ನು ಸೇರಿಸಿ.

ನಮ್ಮೆಜಮಾನರು ಸುತ್ತಗಳನ್ನು ಓದಿದವರಲ್ಲ. ಭಾನುವಾರದ ಓದಿಗೆ ನನ್ನನ್ನು ಸ್ಕೂಟರಿನಲ್ಲಿ ಬಿಟ್ಟು ತಾವು ಪಾರ್ಕಿನಲ್ಲಿ ಕೂರುವವರು. ಸಾರಿನ ಮಾತು ಅವರ ನೂಲು. ಅಂದೇ ಸಂಜೆ ನೋಟ್‌ಬುಕ್ ಬರೆಯಲು ಕೂತೆವು. ಹನ್ನೊಂದು ಪುಟವಾಯಿತು. ಅಂದು ರಾತ್ರಿ ಇಬ್ಬರೂ ನಿಜವಾಗಿ ಮಲಗಿದೆವು.

ಮಗಳಿಗೆ ಹೇಳುವ ವಿಷಯ ಉಳಿಯಿತು. ನಿಜವೂ ಹಿತವೂ ಆದ ಮಾತಿಗೂ, ಅದರಲ್ಲೂ ಕಿವಿಗೆ ಕಹಿಯಾದದ್ದಕ್ಕೆ, ಭಗವಾನರು ಸಮಯ ನೋಡುತ್ತಾರೆಂದು ಅಭಯ ರಾಜಕುಮಾರನ ಸುತ್ತದಲ್ಲಿದೆ. ಹಾಗಾಗಿ ಕಾಯುವುದು ತಪ್ಪಲ್ಲ ಎಂದು ನನ್ನ ಅಭಿಪ್ರಾಯ. "ರಿಪೋರ್ಟು ಬಂದಿದೆ, ನನಗೆ ಸ್ವಲ್ಪ ಹೊತ್ತು ಕೊಡಿ" ಎಂದು ಶುಕ್ರವಾರ ನಾನೂ ಹೇಳಬಹುದಿತ್ತು. ಸುಮ್ಮನಿರುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವೆ ಬೇಕಾದಷ್ಟು ಜಾಗವಿತ್ತು, ಭಯದಲ್ಲಿ ಕಾಣಲಿಲ್ಲ. ಮಗಳಿಗೆ ಸೋಮವಾರ ಡಾಕ್ಟರನ್ನು ಕಂಡು ಬಂದ ಮೇಲೆ, ಮಗು ಮಲಗಿದ ಹೊತ್ತು ನೋಡಿ ಹೇಳಿದೆವು.

ಡಾಕ್ಟರು ಹೇಳಿದ್ದು ಹೆಚ್ಚೇನಿಲ್ಲ. ನಮ್ಮ ದೇಶದಲ್ಲಿ ಎಂದೋ ಬಂದು ಹೋದ ಟಿಬಿಯ ಕಲೆ ಇಂಥ ಗಂಟಾಗಿ ಉಳಿಯುವುದು ತೀರ ಸಾಮಾನ್ಯ. ಬೀಡಿ ಸಿಗರೇಟು ಸೇದುವ ಅಭ್ಯಾಸ ಇಲ್ಲವಷ್ಟೆ ಎಂದು ಕೇಳಿದರು, ಸೌದೆ ಒಲೆಯ ಹೊಗೆ ಎಷ್ಟು ವರ್ಷ ಕುಡಿದಿದ್ದೀರಿ ಎಂದೂ ಕೇಳಿದರು. 6 ಮಿ.ಮೀ.ಗಿಂತ ಸಣ್ಣದಾಗಿದ್ದು ಅಪಾಯದ ಕಾರಣಗಳು ಇಲ್ಲದಿದ್ದರೆ ಸಾಮಾನ್ಯವಾಗಿ ಮತ್ತೆ ಸ್ಕ್ಯಾನೇ ಬೇಕಿಲ್ಲ, 6ರಿಂದ 8ರ ನಡುವಿನದಾದರೆ ಆರರಿಂದ ಹನ್ನೆರಡು ತಿಂಗಳು ಬಿಟ್ಟು ಇನ್ನೊಮ್ಮೆ ನೋಡುತ್ತೇವೆ ಎಂದರು. ಬಯಾಪ್ಸಿ ಮಾಡಿ ಈಗಲೇ ತಿಳಿದುಕೊಳ್ಳಬಾರದೇ ಎಂದು ನಾನು ಒತ್ತಾಯಿಸಿದೆ. ಇಷ್ಟು ಸಣ್ಣದಕ್ಕೆ ಸೂಜಿ ಗುರಿಯಿಡುವುದು ಕಷ್ಟ, ಶ್ವಾಸಕೋಶಕ್ಕೆ ಚುಚ್ಚುವುದರಲ್ಲಿ ಅದರದ್ದೇ ಅಪಾಯವಿದೆ ಎಂದರು. "ಬೆಳೆಯುತ್ತಾ ಇಲ್ವಾ ಅನ್ನೋದೇ ಮುಖ್ಯ. ಅದು ಗೊತ್ತಾಗೋಕೆ ಕಾಲ ಬೇಕು. ಕಾಯೋಣ."

ಕಾಯುವುದೇ ಚಿಕಿತ್ಸೆ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಒಂದು ತಿಂಗಳು ಹಿಡಿಯಿತು. ಏನಾದರೂ ಮಾಡಿಬಿಡಬೇಕು ಎಂಬ ತುಡಿತ ತನ್ನನ್ನು ಜಾಣತನವೆಂದೇ ಪರಿಚಯಿಸಿಕೊಳ್ಳುತ್ತದೆ. ದಕ್ಷಿಣ ಕೊರಿಯಾದಲ್ಲಿ ಆದದ್ದನ್ನು ಆಗ ಓದಿದೆ. ಅಲ್ಲಿ ಆರೋಗ್ಯ ತಪಾಸಣೆಯ ಜೊತೆಗೆ ಕುತ್ತಿಗೆಯ ಅಲ್ಟ್ರಾಸೌಂಡ್ ಕೂಡ ಮಾಡಿಸಿಕೊಳ್ಳುವುದು ರೂಢಿಯಾಯಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ಕ್ಕೆ ಹೋಲಿಸಿದರೆ 15 ಪಟ್ಟು ಆಗಿತ್ತು. ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಅಂದರೆ ಎಂದೂ ತೊಂದರೆ ಕೊಡದೆ ಇದ್ದುಬಿಡುತ್ತಿದ್ದ ಸಣ್ಣ ಗಂಟುಗಳಿಗಾಗಿ ಎಷ್ಟೋ ಜನ ಥೈರಾಯ್ಡ್ ತೆಗೆಸಿಕೊಂಡು ಜೀವನಪೂರ್ತಿ ಮಾತ್ರೆ ನುಂಗುವಂತಾಯಿತು. ಅಲ್ಲಿನ ವೈದ್ಯರೇ ಕೆಲವರು 2014ರಲ್ಲಿ ಇದು ಸಾಕು ಎಂದು ಎದ್ದು ನಿಂತ ಮೇಲೆ ಶಸ್ತ್ರಚಿಕಿತ್ಸೆಗಳು ಇಳಿದವು.

ಹಾಗಾದರೆ ಪರೀಕ್ಷೆಗಳೇ ಬೇಡವೇ? ಬಳಗದ ಹಿರಿಯರೊಬ್ಬರು ಹಾಗೇ ಹೇಳುತ್ತಾರೆ. ಅವರ ಮೇಲೆ ನನಗೆ ಗೌರವವಿದೆ, ಈ ಮಾತು ಮಾತ್ರ ಒಪ್ಪುವುದಿಲ್ಲ. ಗರ್ಭಕೊರಳಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಆಗುವ ಮೊದಲಿನ ಬದಲಾವಣೆಯೇ ಸಿಕ್ಕಿಬೀಳುತ್ತದೆ, ಅಲ್ಲೇ ಚಿಕಿತ್ಸೆ ಮಾಡಿ ಕ್ಯಾನ್ಸರನ್ನೇ ತಪ್ಪಿಸಬಹುದು. ಆಶಾ ಕಾರ್ಯಕರ್ತೆ ಮನೆಗೆ ಬಂದು ಕರೆದಾಗ ನಾಚಿಕೆಯಿಂದ ಬಾಗಿಲು ಹಾಕಿಕೊಳ್ಳುವ ಸೊಸೆಯಂದಿರು ನಮ್ಮ ಬೀದಿಯಲ್ಲೇ ಇದ್ದಾರೆ. ಅಂಗುತ್ತರದ ಮೂರನೇ ನಿಪಾತದಲ್ಲಿ ಭಗವಾನರು ಮೂರು ಬಗೆಯ ರೋಗಿಗಳನ್ನು ಹೇಳುತ್ತಾರೆ. ಔಷಧಿ ಪಥ್ಯ ಆರೈಕೆ ಸಿಕ್ಕರೂ ಸಿಗದಿದ್ದರೂ ಏಳದವನೊಬ್ಬ, ಸಿಕ್ಕರೂ ಸಿಗದಿದ್ದರೂ ಏಳುವವನೊಬ್ಬ, ಸಿಕ್ಕರೆ ಮಾತ್ರ ಏಳುವವನು ಮೂರನೆಯವನು. ಈ ಮೂರನೆಯವನಿದ್ದಾನೆಂದೇ ಔಷಧಿ, ಪಥ್ಯ, ಆರೈಕೆಗಳನ್ನು ವಿಧಿಸಿದ್ದು, ಅವನ ದೆಸೆಯಿಂದ ಉಳಿದಿಬ್ಬರಿಗೂ ಆರೈಕೆ ಸಿಗಬೇಕು ಎನ್ನುತ್ತಾರೆ. ತಪಾಸಣೆಯ ಸಾಲಿನಲ್ಲಿ ನಿಂತ ನಾವೆಲ್ಲ ಈ ಮೂವರಲ್ಲಿ ಯಾರೋ ಒಬ್ಬರು. ಯಾರೆಂದು ನಮ್ಮ ಹಣೆಯಲ್ಲಿ ಬರೆದಿಲ್ಲ, ಡಾಕ್ಟರಿಗೂ ಮೊದಲೇ ಕಾಣುವುದಿಲ್ಲ. ಯಾವ ಪರೀಕ್ಷೆ ಮೂರನೆಯವನನ್ನು ಹುಡುಕಿಕೊಡುತ್ತದೆ, ಯಾವುದು ಎರಡನೆಯವನನ್ನು ಸುಮ್ಮನೆ ರೋಗಿಯನ್ನಾಗಿ ಮಾಡುತ್ತದೆ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಬೇಕು. ಕೇಳಲು ನಮಗೆ ಸಂಕೋಚ.

ಕರ್ಮದ ಮಾತೂ ಬಂತು. "ಹಿಂದಿನದ್ದು ಏನೋ, ಅನುಭವಿಸಲೇಬೇಕು" ಎಂದು ಸಮಾಧಾನ ಹೇಳಲು ಬಂದವರು ಹೇಳಿದರು. ಮೋಳಿಯಸೀವಕ ಎಂಬ ಪರಿವ್ರಾಜಕ ಇದನ್ನೇ ಕೇಳಿದಾಗ ಭಗವಾನರು ಪಿತ್ತ, ಕಫ, ವಾತ, ಮೂರೂ ಕೂಡಿದ್ದು, ಋತುಬದಲಾವಣೆ, ಎಚ್ಚರತಪ್ಪಿದ ನಡವಳಿಕೆ, ಬೇರೆಯವರಿಂದಾದ ಪೆಟ್ಟು ಎಂದು ಏಳು ಎಣಿಸಿ ಎಂಟನೆಯದಾಗಿ ಕರ್ಮವನ್ನು ಇಟ್ಟರು. ಎಲ್ಲವೂ ಹಿಂದಿನ ಕರ್ಮವೇ ಎನ್ನುವವರು ಕಣ್ಣಿಗೆ ಕಾಣುವುದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಿದ್ದಾರೆ ಎಂದರು. ಕಾಯಿಲೆಯವರ ಮನೆಗೆ ಹೋಗುವಾಗ ಎಂಟನೆಯದನ್ನು ಮನೆಯಲ್ಲೇ ಬಿಟ್ಟು, ಎರಡು ಎಳನೀರು ತೆಗೆದುಕೊಂಡು ಹೋಗಿ ಎಂದು ನನ್ನ ಕೋರಿಕೆ.

ಈ ಆರು ತಿಂಗಳಲ್ಲಿ ನನ್ನಲ್ಲಿ ಏನು ಬದಲಾಯಿತು ಎಂದು ಕೇಳಿದರೆ ದೊಡ್ಡದೇನಿಲ್ಲ. ಅರವತ್ತು ದಾಟಿದರೂ ಒಂದು ಮಾತ್ರೆ ನುಂಗುವವಳಲ್ಲ ಎಂದು ಮದುವೆಮನೆಗಳಲ್ಲಿ ಹೇಳಿಕೊಂಡು ಓಡಾಡುತ್ತಿದ್ದೆ, ಈಗ ಹೇಳುವುದಿಲ್ಲ. ಯೌವನದ ಮದ, ಆರೋಗ್ಯದ ಮದ, ಬದುಕಿನ ಮದ ಎಂದು ಮೂರು ಮದಗಳನ್ನು ಓದುವಾಗ ಆರೋಗ್ಯಕ್ಕೂ ಮದವಿರುತ್ತದೆಯೇ ಎನ್ನಿಸುತ್ತಿತ್ತು. ಇರುತ್ತದೆ. ಭಯ ಈಗಲೂ ಬರುತ್ತದೆ, ಹೆಚ್ಚಾಗಿ ಬೆಳಗಿನ ಜಾವ ನಾಲ್ಕಕ್ಕೆ. ಮಲಗಿದ್ದಾಗ ಬಂದರೆ ಮಲಗಿಯೇ ಇರುತ್ತೇನೆ, ಫೋನು ಮುಟ್ಟುವುದಿಲ್ಲ. ಪಕ್ಕದವರು ಎದ್ದಿದ್ದಾರೆ ಎನಿಸಿದರೆ "ಎಚ್ಚರ ಇದ್ದೀರಾ?" ಎಂದು ಕೇಳುತ್ತೇನೆ. ಮೊದಲು ಕೇಳುತ್ತಿರಲಿಲ್ಲ.

ಫೋನು ಮಾಡಿದ ಇಬ್ಬರಿಗೂ ನಾನು ಹೇಳಿದ್ದು ಇಷ್ಟೇ: ಇವತ್ತೇ ಮನೆಯಲ್ಲಿ ಒಬ್ಬರಿಗೆ ಹೇಳಿ, ಡಾಕ್ಟರ ಬಳಿ ಅವರನ್ನು ಕರೆದುಕೊಂಡು ಹೋಗಿ, ಅಲ್ಲಿಯವರೆಗೆ ಗೂಗಲ್ ಬೇಡ.

ನನ್ನ ಎರಡನೆಯ ಸ್ಕ್ಯಾನ್ ಬರುವ ಗುರುವಾರ. ಫಲಿತಾಂಶ ನೋಡಿಕೊಂಡು ಬರೆಯಬಹುದಲ್ಲ ಎಂದು ಗ್ರೂಪಿನ ಅಡ್ಮಿನ್ ಹೇಳಿದರು. ಬೇಕೆಂದೇ ಮೊದಲು ಬರೆದೆ. ಚೆನ್ನಾಗಿ ಬಂದರೆ ಧೈರ್ಯದ ಮಾತು ಆಡುವುದು ಸುಲಭ, ಕೆಟ್ಟದಾಗಿ ಬಂದರೆ ಬರೆಯುತ್ತೇನೋ ಇಲ್ಲವೋ. ಈ ಸಲ ಡಾಕ್ಟರ ಅಪಾಯಿಂಟ್‌ಮೆಂಟ್ ಮರುದಿನ ಬೆಳಿಗ್ಗೆಗೇ ತೆಗೆದುಕೊಂಡಿದ್ದೇವೆ. ರಾತ್ರಿ ಲಿಂಕ್ ಬಂದರೆ ಇಬ್ಬರೂ ತೆರೆಯಬಾರದೆಂದು ಮಾತಾಗಿದೆ. ನಮ್ಮೆಜಮಾನರ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ, ನನ್ನ ಮೇಲಂತೂ ಇಲ್ಲ. ಎರಡೂ ಫೋನು ಪಕ್ಕದ ಮನೆಯವರ ಹತ್ತಿರ ಕೊಟ್ಟು ಮಲಗುವ ಯೋಚನೆ ನಡೆದಿದೆ.

ಭಾನುವಾರದ ಓದಿಗೆ ಭಯಭೇರವ ಸುತ್ತ ಇಟ್ಟುಕೊಂಡಿದ್ದೇವೆ, ಓದುವವಳು ನಾನೇ. ಗುರುವಾರ ಆಗಿ ಮೂರು ದಿನಕ್ಕೆ ಅದು ಬರುತ್ತದೆ. ಪಾಪ ಬೇಡ ಎಂದು ಯಾರೂ ಸರದಿ ಬದಲಾಯಿಸಬೇಡಿ. ಮಜ್ಝಿಮ ನಿಕಾಯದ ಪುಸ್ತಕ ಇರುವವರು ತನ್ನಿ, ಇಲ್ಲದವರಿಗೆ ನಾನು ಜೆರಾಕ್ಸ್ ಮಾಡಿಸಿಕೊಂಡು ಬರುತ್ತೇನೆ. ಎಷ್ಟು ಪ್ರತಿ ಬೇಕೆಂದು ಬುಧವಾರದೊಳಗೆ ತಿಳಿಸಿ.

ಭವತು ಸಬ್ಬ ಮಂಗಲಂ.